ರಿಪೋರ್ಟ್ ಬರುವ ತನಕ

"ತೀನ್ ದಿನ್ ಮೇ ವಾಟ್ಸಾಪ್ ಪೇ ಆ ಜಾಯೇಗಾ." ಮುಂಬೈಯ ಮಾಟುಂಗಾದಲ್ಲೋ ಮುಲುಂಡಿನಲ್ಲೋ, ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ಹುಟ್ಟುತೊಂದರೆಯ ಸಂಭವ ನೋಡುವ ಡಬಲ್ ಮಾರ್ಕರ್‌ಗೆ ರಕ್ತ ಕೊಟ್ಟು, ಮೊಣಕೈ ಮಡಚಿ ಹತ್ತಿ ಒತ್ತಿಕೊಂಡು ನಿಂತ ಬಸುರಿಗೆ ಕೌಂಟರಿನಿಂದ ಸಿಗುವುದು ಇಷ್ಟೇ. ಆ ಮೂರು ದಿನದಲ್ಲಿ ಭಾನುವಾರ ಸೇರಿತೋ ಇಲ್ಲವೋ ಯಾರೂ ಹೇಳುವುದಿಲ್ಲ. ಕೇಳೋಣವೆಂದರೆ ಹಿಂದೆ ಸಾಲು. ಶನಿವಾರ ಕೊಟ್ಟ ರಕ್ತ. ಮಂಗಳವಾರದಿಂದ ಫೋನು ಸದ್ದಾದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ಬುಧವಾರ ಡೊಂಬಿವಲಿ ಫಾಸ್ಟ್‌ನ ಲೇಡೀಸ್ ಡಬ್ಬಿಯಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಗೂಗಲ್. ಗುರುವಾರ ರಾತ್ರಿ ನಿದ್ದೆಯೇ ಇಲ್ಲ.

ಮನೆಯವರು ಸುಮ್ಮನಿರುವುದಿಲ್ಲ. "ಏನೂ ಆಗಲ್ಲ, ತಲೆ ಕೆಡಿಸ್ಕೋಬೇಡ" ಎನ್ನುತ್ತಾರೆ. ವಿಜಯಪುರದ ಅತ್ತೆ ಫೋನಿನಲ್ಲಿ "ಕಾಳಜಿ ಮಾಡಬ್ಯಾಡವಾ" ಎನ್ನುತ್ತಾರೆ. ಕುಂದಾಪುರದಿಂದ ಬಂದ ಸೊಸೆಗೆ ಆ ಮಾತು ಮೊದಲ ಸಲ ವಿಚಿತ್ರವಾಗಿ ಕೇಳಿಸುತ್ತದೆ. ಅವಳಿಗೆ ಕಾಳಜಿ ಎಂದರೆ ಅಕ್ಕರೆಯಿಂದ ನೋಡಿಕೊಳ್ಳುವುದು, ಅತ್ತೆಗೆ ಚಿಂತೆ. ಪಕ್ಕದ ಮನೆಯ ಮರಾಠಿ ಕಾಕು ಎರಡಕ್ಕೂ ಅದೇ ಪದ ಬಳಸುತ್ತಾರೆ: "ಕಾಳಜಿ ಘೇ" ಎಂದರೆ ಆರೋಗ್ಯ ನೋಡಿಕೋ, "ಕಾಳಜಿ ಕರು ನಕೋಸ್" ಎಂದರೆ ಚಿಂತಿಸಬೇಡ. ಬಸುರಿಯ ಮಟ್ಟಿಗೆ ಆ ಪದ ಸರಿಯಾಗಿಯೇ ಇದೆ. ಮಗುವಿನ ಮೇಲಿನ ಅಕ್ಕರೆಯೇ ಕಾಯುವ ದಿನಗಳಲ್ಲಿ ಚಿಂತೆಯಾಗುತ್ತದೆ. ಬಿಡು ಎಂದ ಮಾತ್ರಕ್ಕೆ ಬಿಡಲು ಬರುವುದಿಲ್ಲ.

ಕಡಿಮೆ ಮಾಡಬಹುದಾದ್ದು ಬೇರೆ ಇದೆ. ಈ ಆತಂಕದ ದೊಡ್ಡ ಪಾಲು ಮೂರು ಸಂಗತಿ ಗೊತ್ತಿಲ್ಲದ್ದರಿಂದ ಬರುತ್ತದೆ: ಪರೀಕ್ಷೆ ನೋಡುತ್ತಿರುವುದು ಏನನ್ನು, ಉತ್ತರ ಯಾವತ್ತು, ಉತ್ತರ ಬಂದ ಮೇಲೆ ಮಾಡುವುದೇನು. ಇವನ್ನು ರಕ್ತ ತೆಗೆಯುವ ಮೊದಲೇ ಹೇಳಿಬಿಡಬಹುದು, ಹತ್ತು ನಿಮಿಷ ಸಾಕು. ಮುಂಬೈಯ ತುಂಬಿದ ಓಪಿಡಿಯಲ್ಲಿ ಆ ಹತ್ತು ನಿಮಿಷ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಟ್ಯೂಬಿನ ಹಿಂದೆ ಹೋಗೋಣ. ಡಬಲ್ ಮಾರ್ಕರ್‌ಗೆ ಮೂರರಿಂದ ಐದು ಎಂಎಲ್ ರಕ್ತ ಸಾಕು, ಹೊಟ್ಟೆ ಖಾಲಿ ಇರಬೇಕಿಲ್ಲ. ರಕ್ತ ಹೆಪ್ಪುಗಟ್ಟಲು ಟ್ಯೂಬನ್ನು ಅರ್ಧ ಗಂಟೆ ನಿಲ್ಲಿಸುತ್ತಾರೆ, ಆಮೇಲೆ ಯಂತ್ರದಲ್ಲಿ ಗಿರಗಿರ ತಿರುಗಿಸಿ ಸೀರಮ್ ಎಂಬ ತಿಳಿ ದ್ರವವನ್ನು ಬೇರ್ಪಡಿಸುತ್ತಾರೆ. ಅಲ್ಲಿಂದ ಮುಂದೆ 2ರಿಂದ 8 ಡಿಗ್ರಿ ತಂಪಿನ ಡಬ್ಬಿಯಲ್ಲಿ ದೊಡ್ಡ ಲ್ಯಾಬಿಗೆ ಪಯಣ. ಅಲ್ಲಿ ಅಳೆಯುವುದು ಮಾಸುವಿನಿಂದ (ಪ್ಲಾಸೆಂಟಾ) ತಾಯಿಯ ರಕ್ತಕ್ಕೆ ಬರುವ ಎರಡು ವಸ್ತು: ಫ್ರೀ ಬೀಟಾ ಎಚ್‌ಸಿಜಿ ಮತ್ತು ಪ್ಯಾಪ್-ಎ. ಮಗುವಿಗೆ ಡೌನ್ ಸಿಂಡ್ರೋಮ್ ಇದ್ದಾಗ ಮೊದಲನೆಯದು ಸಾಮಾನ್ಯಕ್ಕಿಂತ ಸುಮಾರು ಎರಡು ಪಟ್ಟು ಏರಿರುತ್ತದೆ, ಎರಡನೆಯದು ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ತಂಪಿನ ಡಬ್ಬಿ ಬೇಕಾಗುವುದು ಇಲ್ಲೇ. ರಕ್ತ ಬಿಸಿಲಲ್ಲಿ ಬೈಕಿನ ಚೀಲದಲ್ಲಿ ಗಂಟೆಗಟ್ಟಲೆ ಕುಳಿತರೆ ಎಚ್‌ಸಿಜಿ ಒಡೆದು ಫ್ರೀ ಬೀಟಾ ಸುಳ್ಳಾಗಿ ಏರುತ್ತದೆ, ಅದರ ಜೊತೆ ಅಪಾಯದ ಲೆಕ್ಕವೂ ಏರುತ್ತದೆ. ಮೇ ತಿಂಗಳಲ್ಲಿ ರಕ್ತ ಕೊಡುವವರು ಸೀರಮ್ ಅಲ್ಲೇ ಬೇರ್ಪಡಿಸುತ್ತಾರಾ ಎಂದು ಒಂದು ಮಾತು ಕೇಳುವುದು ಒಳ್ಳೆಯದು.

ಇನ್ನು ತಡವಾಗುವ ಕಾರಣ. ಬಹುತೇಕ ಸಲ ಅದಕ್ಕೂ ಮಗುವಿಗೂ ಸಂಬಂಧವೇ ಇರುವುದಿಲ್ಲ. ರಕ್ತದ ಅಂಕಿಗಳಷ್ಟೇ ಇದ್ದರೆ ರಿಪೋರ್ಟ್ ಆಗುವುದಿಲ್ಲ. ಸಾಫ್ಟ್‌ವೇರಿಗೆ ಎನ್‌ಟಿ ಸ್ಕ್ಯಾನಿನ ಅಳತೆ ಬೇಕು: ಮಗುವಿನ ನೆತ್ತಿಯಿಂದ ಕುಂಡೆಯವರೆಗಿನ ಉದ್ದ ಅಂದರೆ ಸಿಆರ್‌ಎಲ್, ಕತ್ತಿನ ಹಿಂದಿನ ನೀರಿನ ಪದರದ ದಪ್ಪ ಅಂದರೆ ಎನ್‌ಟಿ, ಮೂಗಿನ ಮೂಳೆ ಕಂಡಿತೋ ಇಲ್ಲವೋ. ಜೊತೆಗೆ ತಾಯಿಯ ಹುಟ್ಟಿದ ದಿನ, ಇವತ್ತಿನ ತೂಕ, ಸಕ್ಕರೆ ಕಾಯಿಲೆ, ಅವಳಿಯೋ ಒಂದೋ, ಐವಿಎಫ್ ಆಗಿದ್ದರೆ ಅಂಡಾಣು ಯಾರದು. ಫಾರ್ಮಿನಲ್ಲಿ ಒಂದು ಖಾನೆ ಖಾಲಿ ಬಿದ್ದರೆ ಸ್ಯಾಂಪಲ್ ಪಕ್ಕಕ್ಕೆ ಹೋಗುತ್ತದೆ. ಮೂರು ದಿನ ಐದಾಗುತ್ತದೆ. ಮನೆಯಲ್ಲಿ ಕೂತವಳು "ಏನೋ ಕೆಟ್ಟದ್ದು ಸಿಕ್ಕಿದೆ, ಅದಕ್ಕೇ ತಡ" ಎಂದುಕೊಳ್ಳುತ್ತಾಳೆ. ಲ್ಯಾಬಿನವರು ಸ್ಕ್ಯಾನ್ ರಿಪೋರ್ಟಿನ ಎರಡನೇ ಪುಟಕ್ಕೆ ಕಾಯುತ್ತಿರುತ್ತಾರೆ. ಫಾರ್ಮನ್ನು ನೀವೇ ಒಮ್ಮೆ ಓದಿ ಕೊಡಿ. ತೂಕವನ್ನು ಅಂದಾಜಿಗೆ ಬರೆಸಬೇಡಿ. ತೂಕ ಹೆಚ್ಚಿದ್ದಷ್ಟೂ ಈ ವಸ್ತುಗಳು ರಕ್ತದಲ್ಲಿ ತೆಳುವಾಗುತ್ತವೆ, ಸಾಫ್ಟ್‌ವೇರ್ ಅದನ್ನು ಸರಿದೂಗಿಸುತ್ತದೆ. ಮದುವೆಯ ಹೊತ್ತಿನ ತೂಕ ಬರೆದರೆ ಲೆಕ್ಕವೂ ಆ ಕಾಲದ್ದೇ ಆಗುತ್ತದೆ.

ಕಡೆಗೆ ಬರುವ ಪಿಡಿಎಫ್‌ನಲ್ಲಿ ಕಣ್ಣು ಮೊದಲು ಹೋಗುವುದು ಕೆಂಪು ಗೆರೆ ದಾಟಿದ ಕಂಬದ ಚಿತ್ರಕ್ಕೆ. ಪಕ್ಕದಲ್ಲಿ "ಟ್ರೈಸೊಮಿ 21: 1:180, ಸ್ಕ್ರೀನ್ ಪಾಸಿಟಿವ್". ಟ್ರೈಸೊಮಿ 21 ಎಂದರೆ ವಂಶವಾಹಿ ಹೊತ್ತ 21ನೇ ಕ್ರೋಮೋಸೋಮ್ ಎರಡರ ಬದಲು ಮೂರಿರುವುದು, ಅದೇ ಡೌನ್ ಸಿಂಡ್ರೋಮ್. ಪಾಸಿಟಿವ್ ಎಂಬ ಪದ ಇಲ್ಲಿ ಮಾಡುವಷ್ಟು ಹಾನಿಯನ್ನು ಬೇರೆಲ್ಲೂ ಮಾಡುವುದಿಲ್ಲ. ಕೋವಿಡ್ ಕಾಲದಿಂದ ನಮಗೆ ಪಾಸಿಟಿವ್ ಎಂದರೆ ರೋಗ ಇದೆ ಎಂದೇ ಅರ್ಥ. ಆ ಅಂಕಿ ಹೇಳುತ್ತಿರುವುದು ಬೇರೆ: ಇದೇ ವಯಸ್ಸು, ಇದೇ ಅಳತೆ ಇರುವ 180 ಬಸುರಿಯರನ್ನು ಒಂದು ಹಾಲ್‌ನಲ್ಲಿ ಕೂರಿಸಿದರೆ, ಅವರಲ್ಲಿ 179 ಮಂದಿಯ ಮಗುವಿಗೆ ಆ ತೊಂದರೆ ಇಲ್ಲ. ನೂರಕ್ಕೆ ಲೆಕ್ಕ ಹಾಕಿದರೆ ಒಂದಕ್ಕಿಂತ ಕಡಿಮೆ, ಹೆಚ್ಚುಕಮ್ಮಿ ಅರ್ಧ. ನಮ್ಮ ಲ್ಯಾಬುಗಳು ಸಾಮಾನ್ಯವಾಗಿ ಗೆರೆ ಎಳೆಯುವುದು 1:250ರಲ್ಲಿ. 1:240 ಬಂದವಳಿಗೆ ಕೆಂಪು, 1:260 ಬಂದವಳಿಗೆ ಹಸಿರು. ಒಬ್ಬಳದು ಶೇ. 0.42, ಇನ್ನೊಬ್ಬಳದು ಶೇ. 0.38. ಒಬ್ಬಳು ರಾತ್ರಿಯಿಡೀ ಅಳುತ್ತಾಳೆ, ಇನ್ನೊಬ್ಬಳು ಪೇಡಾ ಹಂಚುತ್ತಾಳೆ.

ಗೆರೆಯನ್ನು ಹೀಗೆ ಎಳೆದದ್ದು ಬೇಕೆಂದೇ. ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ಸೇರಿಸಿ ನೋಡಿದರೆ ಡೌನ್ ಸಿಂಡ್ರೋಮ್ ಇರುವ ಹತ್ತು ಗರ್ಭಗಳಲ್ಲಿ ಸುಮಾರು ಒಂಬತ್ತು ಸಿಕ್ಕಿಬೀಳುತ್ತವೆ. ಅಷ್ಟನ್ನು ಹಿಡಿಯಲು ಬಲೆಯನ್ನು ಅಗಲವಾಗಿ ಬೀಸಬೇಕು, ಏನೂ ಇಲ್ಲದ ನೂರಕ್ಕೆ ಐವರೂ ಅದರಲ್ಲಿ ಬರುತ್ತಾರೆ. ಸಾವಿರ ಬಸುರಿಯರಲ್ಲಿ ಸುಮಾರು ಐವತ್ತು ಜನಕ್ಕೆ ಕೆಂಪು ಗೆರೆ. ನಿಜವಾಗಿ ತೊಂದರೆ ಇರುವುದು ಆ ಐವತ್ತರಲ್ಲಿ ಒಂದೋ ಎರಡೋ ಗರ್ಭಕ್ಕೆ. ಉಳಿದವರ ಆತಂಕ ಈ ಪರೀಕ್ಷೆಯ ಬೆಲೆ. ಅದು ಬಿಲ್ಲಿನಲ್ಲಿ ಬರುವುದಿಲ್ಲವಾದ್ದರಿಂದ ಯಾರೂ ಎಣಿಸುವುದಿಲ್ಲ. ನನ್ನ ಪ್ರಕಾರ ರಕ್ತ ತೆಗೆಯುವ ಮೊದಲೇ ಹೇಳಬೇಕಾದ ಮಾತು ಇದು. ಆಮೇಲೆ ಹೇಳಿದರೆ ಸಮಾಧಾನದ ಮಾತಾಗಿ ಕೇಳಿಸುತ್ತದೆ, ನಂಬಿಕೆ ಹುಟ್ಟುವುದಿಲ್ಲ.

ಇನ್ನೊಂದು ತಪ್ಪು ಫೋನಿನಲ್ಲಿ ನಡೆಯುತ್ತದೆ. "ರಿಪೋರ್ಟ್ ಆಲಾ ಆಹೇ, ಡಾಕ್ಟರಾಂನಾ ಯೇಊನ್ ಭೇಟಾ." ರಿಪೋರ್ಟ್ ಬಂದಿದೆ, ಡಾಕ್ಟರರನ್ನು ಬಂದು ನೋಡಿ. ಶುಕ್ರವಾರ ಸಂಜೆ ಆರಕ್ಕೆ ಹೀಗೆ ಹೇಳಿ, ಡಾಕ್ಟರ್ ಸಿಗುವುದು ಸೋಮವಾರ ಎಂದರೆ ಆ ಎರಡು ದಿನ ಯಾವ ಗರ್ಭಿಣಿಗೂ ಬೇಡ. ಹಾಗಾಗಿ ಮೊದಲೇ ಕೇಳಿಟ್ಟುಕೊಳ್ಳಿ: ಯಾವ ತಾರೀಕು, ಎಷ್ಟು ಗಂಟೆಯೊಳಗೆ, ಫೋನ್ ಮಾಡುವವರು ಯಾರು, ಅಂಕಿ ಹೆಚ್ಚು ಬಂದರೆ ಅದೇ ದಿನ ಅಥವಾ ಮರುದಿನ ಡಾಕ್ಟರ್ ಸಿಗುತ್ತಾರಾ, ಫೋನ್ ಗಂಡನಿಗೆ ಬರಬೇಕೋ ನಿಮಗೋ. ಸಾಧ್ಯವಿದ್ದರೆ ರಕ್ತವನ್ನು ಸೋಮವಾರವೋ ಮಂಗಳವಾರವೋ ಕೊಡಿ, ಉತ್ತರ ವಾರದ ಮಧ್ಯೆಯೇ ಬರುತ್ತದೆ. ಭಾಷೆಯೂ ಲೆಕ್ಕಕ್ಕೆ ಬರುತ್ತದೆ. ಮರಾಠಿ ಅರ್ಧ, ಹಿಂದಿ ಅರ್ಧ ಬರುವವಳಿಗೆ ಇಂಥ ಸುದ್ದಿ ಅರ್ಧವೇ ತಲುಪುತ್ತದೆ. ಕನ್ನಡ, ತುಳು ಬಲ್ಲ ನರ್ಸುಗಳೂ ಡಾಕ್ಟರುಗಳೂ ಈ ಊರಿನಲ್ಲಿ ಕಡಿಮೆಯೇನಿಲ್ಲ, ಒಬ್ಬರನ್ನು ಕರೆಸಿ ಎಂದು ಕೇಳಲು ಸಂಕೋಚಪಡಬೇಕಿಲ್ಲ.

ಕೆಂಪು ಗೆರೆ ಬಂದವಳ ಮುಂದೆ ಎರಡು ದಾರಿ. ಒಂದು ಎನ್‌ಐಪಿಟಿ. ಹತ್ತು ವಾರ ತುಂಬಿದ ಮೇಲೆ ತಾಯಿಯ ರಕ್ತದಲ್ಲಿ ತೇಲುವ, ಮಾಸುವಿನಿಂದ ಬಂದ ಡಿಎನ್‌ಎ ಚೂರುಗಳನ್ನು ಎಣಿಸುವ ಪರೀಕ್ಷೆ. ಡೌನ್ ಸಿಂಡ್ರೋಮ್ ವಿಷಯದಲ್ಲಿ ನೂರಕ್ಕೆ ತೊಂಬತ್ತೊಂಬತ್ತನ್ನು ಹಿಡಿಯುತ್ತದೆ. ಆದರೂ ಇದು ಸಂಭವ ಹೇಳುವ ಸ್ಕ್ರೀನಿಂಗೇ, ಖಚಿತ ಉತ್ತರವಲ್ಲ. ಲೆಕ್ಕ ಹಾಕಿ ನೋಡಿ: ಸಾವಿರಕ್ಕೊಂದು ಗರ್ಭದಲ್ಲಿ ತೊಂದರೆ ಇರುವ ಎಳೆ ವಯಸ್ಸಿನ ಒಂದು ಲಕ್ಷ ಬಸುರಿಯರಲ್ಲಿ ನಿಜವಾದ ನೂರರಲ್ಲಿ 99 ಸಿಗುತ್ತವೆ, ಹತ್ತು ಸಾವಿರಕ್ಕೆ ಐದರಂತೆ ತಪ್ಪಿದರೂ ಏನೂ ಇಲ್ಲದ ಸುಮಾರು 50 ಸೇರಿಕೊಳ್ಳುತ್ತವೆ. ಅಂದರೆ ಪಾಸಿಟಿವ್ ಬಂದ ಮೂವರಲ್ಲಿ ಒಬ್ಬಳ ಮಗು ಸರಿಯಾಗಿಯೇ ಇರುತ್ತದೆ. ಡಿಎನ್‌ಎ ಮಾಸುವಿನದು, ಮಗುವಿನದಲ್ಲ. ಕೆಲವೊಮ್ಮೆ ದೋಷ ಮಾಸುವಿನಲ್ಲಿ ಮಾತ್ರ ಇರುತ್ತದೆ. ಎನ್‌ಐಪಿಟಿ ಪಾಸಿಟಿವ್ ಬಂದ ಮಾತ್ರಕ್ಕೆ ಗರ್ಭದ ಬಗ್ಗೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬಾರದು ಎನ್ನುವುದು ಇದಕ್ಕೇ.

ಎನ್‌ಐಪಿಟಿಗೆ ಕಾಯುವುದು ವಾರದಿಂದ ಎರಡು ವಾರ. ಮಧ್ಯದಲ್ಲಿ "ಸ್ಯಾಂಪಲ್ ಮತ್ತೆ ಕೊಡಬೇಕು" ಎಂಬ ಫೋನ್ ಬರಬಹುದು. ಮಾಸುವಿನ ಡಿಎನ್‌ಎ ಪಾಲು ಸುಮಾರು ಶೇ. 4ಕ್ಕಿಂತ ಕಡಿಮೆ ಇದ್ದರೆ ಯಂತ್ರ ಉತ್ತರ ಕೊಡಲಾರದು. ವಾರ ಇನ್ನೂ ಎಳೆಯದಾಗಿದ್ದರೆ, ತಾಯಿಯ ತೂಕ ಹೆಚ್ಚಿದ್ದರೆ ಹೀಗಾಗುತ್ತದೆ. ಬಹಳ ಮಂದಿಗೆ ಎರಡನೇ ಸಲ ಉತ್ತರ ಸಿಗುತ್ತದೆ. ಎರಡನೇ ಸಲವೂ ಸಿಗದಿದ್ದರೆ ಮೂರನೆಯದಕ್ಕೆ ಓಡದೆ ಜೆನೆಟಿಕ್ ಕೌನ್ಸೆಲಿಂಗ್ ಮಾಡುವವರ ಹತ್ತಿರ ಕೂತು ಮಾತಾಡುವುದು ಲೇಸು.

ಎರಡನೇ ದಾರಿ ಖಚಿತ ಉತ್ತರದ್ದು: 11ರಿಂದ 14 ವಾರದೊಳಗೆ ಮಾಸುವಿನ ಚೂರು ತೆಗೆಯುವ ಸಿವಿಎಸ್, ಅಥವಾ 15 ವಾರ ತುಂಬಿದ ಮೇಲೆ ಗರ್ಭಜಲ ತೆಗೆಯುವ ಆಮ್ನಿಯೋ. ಆಮ್ನಿಯೋದಲ್ಲಿ ಸ್ಕ್ಯಾನ್ ನೋಡುತ್ತಲೇ ಸಣ್ಣ ಸೂಜಿಯಿಂದ 15ರಿಂದ 20 ಎಂಎಲ್ ನೀರು ತೆಗೆಯುತ್ತಾರೆ, ದೇಹ ಅದನ್ನು ತಾನೇ ತುಂಬಿಕೊಳ್ಳುತ್ತದೆ. ಇದರಿಂದ ಗರ್ಭ ಹೋಗುವ ಸಂಭವ ಪಳಗಿದ ಕೈಯಲ್ಲಿ 200ರಲ್ಲಿ ಒಂದಕ್ಕಿಂತ ಕಡಿಮೆ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ 72 ಗಂಟೆಯೊಳಗೆ ಬೀಳಬೇಕು, ನೆನಪಿಸಿ. ನೀರು ಸೋರಿದರೆ, ಜ್ವರ ಬಂದರೆ, ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ.

ಇದಕ್ಕೆ ಒಪ್ಪಿಗೆ ಪತ್ರ ಕೇಳುತ್ತಾರೆ. ಗರ್ಭದಲ್ಲೇ ಲಿಂಗ ಪತ್ತೆ ಮಾಡುವುದನ್ನು ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ 5ನೇ ಕಲಂ ಪ್ರಕಾರ ಆ ಒಪ್ಪಿಗೆ ಗರ್ಭಿಣಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದರ ಪ್ರತಿ ಅವಳ ಕೈಗೆ ಬರಬೇಕು. ಮರಾಠಿ ಫಾರ್ಮಿಗೆ ಸುಮ್ಮನೆ ಸಹಿ ಹಾಕಬೇಕಿಲ್ಲ. ಅದೇ ಕಾಯ್ದೆಯಿಂದಾಗಿ ಗಂಡೋ ಹೆಣ್ಣೋ ಎಂಬುದನ್ನು ಯಾವ ರಿಪೋರ್ಟೂ ಹೇಳುವುದಿಲ್ಲ. 1994ರಲ್ಲಿ ದೇಶಕ್ಕೆಲ್ಲ ಕಾಯ್ದೆ ಬರುವ ಮೊದಲೇ, 1988ರಲ್ಲಿ ಇಂಥದೊಂದು ಕಾನೂನು ಮಾಡಿದ ರಾಜ್ಯ ಮಹಾರಾಷ್ಟ್ರ.

ಆಮ್ನಿಯೋ ಆದ ಮೇಲಿನ ಕಾಯುವಿಕೆ ಎಲ್ಲಕ್ಕಿಂತ ಕಠಿಣ, ಏಕೆಂದರೆ ಉತ್ತರ ಎರಡು ಕಂತಿನಲ್ಲಿ ಬರುತ್ತದೆ. ಫಿಶ್ ಅಥವಾ ಕ್ಯೂಎಫ್-ಪಿಸಿಆರ್ ಎಂಬ ಪರೀಕ್ಷೆಗಳು 13, 18, 21ರಂಥ ಕೆಲವೇ ಕ್ರೋಮೋಸೋಮ್‌ಗಳನ್ನು ನೋಡಿ ಎರಡು ಮೂರು ದಿನದಲ್ಲಿ ಉತ್ತರ ಕೊಡುತ್ತವೆ. ಎಲ್ಲ ಕ್ರೋಮೋಸೋಮ್‌ಗಳನ್ನೂ ಎಣಿಸಿ ನೋಡುವ ಪೂರ್ತಿ ಕ್ಯಾರಿಯೊಟೈಪ್‌ಗೆ ಎರಡರಿಂದ ಮೂರು ವಾರ. ಮೂರು ವಾರ ಯಾಕೆ ಎಂದು ಗೊತ್ತಾದರೆ ಮನಸ್ಸಿಗೆ ಹಿಡಿದುಕೊಳ್ಳಲು ಒಂದು ದಾರವಾದರೂ ಸಿಗುತ್ತದೆ. ಆ ನೀರಿನಲ್ಲಿರುವುದು ಮಗುವಿನ ಚರ್ಮದಿಂದ, ಮೂತ್ರದ ದಾರಿಯಿಂದ ಉದುರಿದ ಜೀವಕೋಶಗಳು, ಅವುಗಳಲ್ಲಿ ಜೀವವಿರುವವು ಸ್ವಲ್ಪವೇ. ಅವನ್ನು 37 ಡಿಗ್ರಿ ಬೆಚ್ಚಗಿನ ಪೆಟ್ಟಿಗೆಯಲ್ಲಿ, ಪುಟ್ಟ ಚಪ್ಪಟೆ ಸೀಸೆಗಳಲ್ಲಿ ಬೆಳೆಸಬೇಕು. ಮೊದಲ ಕೆಲವು ದಿನ ಏನೂ ಕಾಣುವುದಿಲ್ಲ. ಆಮೇಲೆ ಸೀಸೆಯ ತಳಕ್ಕೆ ಅಂಟಿಕೊಂಡು ಗುಂಪುಗುಂಪಾಗಿ ಹರಡುತ್ತವೆ. ಅವು ಒಡೆದು ಎರಡಾಗುವ ಗಳಿಗೆಯಲ್ಲೇ ತಡೆದು ನಿಲ್ಲಿಸಬೇಕು, ಕ್ರೋಮೋಸೋಮ್ ಎಣಿಸಲು ಬರುವುದು ಆಗ ಮಾತ್ರ. ಬಣ್ಣ ಹಾಕಿ ಹದಿನೈದು ಇಪ್ಪತ್ತು ಕೋಶಗಳಲ್ಲಿ ಒಂದೊಂದರ 46ನ್ನೂ ಜೋಡಿಸಿ ನೋಡುತ್ತಾರೆ. ಯಾರಾದರೂ ಫೈಲನ್ನು ಮೇಜಿನ ಮೇಲೆ ಮರೆತದ್ದರಿಂದ ಆಗುವ ತಡವಲ್ಲ ಇದು, ಕೋಶಗಳು ಬೆಳೆಯಲು ತೆಗೆದುಕೊಳ್ಳುವ ಸಮಯ. ಅಪರೂಪಕ್ಕೆ ಬೆಳೆಯದೆಯೂ ಹೋಗುತ್ತವೆ, ಆಗ ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ಅದನ್ನೂ ಮೊದಲೇ ಹೇಳಿರಬೇಕು.

ಈ ವಾರಗಳ ಲೆಕ್ಕಕ್ಕೂ ಕಾನೂನಿಗೂ ಗಂಟಿದೆ. ಎನ್‌ಟಿ ಸ್ಕ್ಯಾನ್ ಆಗಬೇಕಾದ್ದು ಸಿಆರ್‌ಎಲ್ 45ರಿಂದ 84 ಮಿಲಿಮೀಟರ್ ಇರುವಾಗ, ಅಂದರೆ 11 ವಾರದಿಂದ 13 ವಾರ 6 ದಿನದೊಳಗೆ. ನನ್ನ ಸಲಹೆ ಹನ್ನೆರಡನೇ ವಾರ. ಹದಿಮೂರೂವರೆಗೆ ಹೋದವಳಿಗೆ ಏನೇ ಹೆಚ್ಚುಕಮ್ಮಿ ಆದರೂ ಮುಂದಿನದೆಲ್ಲ ಓಟ: 16ರಲ್ಲಿ ಆಮ್ನಿಯೋ, 19ಕ್ಕೆ ಉತ್ತರ. ಗಣಪತಿ ಹಬ್ಬ, ದೀಪಾವಳಿ ನಡುವೆ ಬಿದ್ದರೆ ಇನ್ನೂ ಎರಡು ದಿನ ಹೋಯಿತು. ಜುಲೈ ಮಳೆಗೆ ಲೋಕಲ್ ನಿಂತರೆ ಸ್ಯಾಂಪಲ್ಲೂ ನಿಲ್ಲುತ್ತದೆ. ಮೇ ತಿಂಗಳಲ್ಲಿ ಊರಿಗೆ ಹೋಗುವ ಟಿಕೆಟ್ ಮಾಡುವ ಮೊದಲು ವಾರ ಎಣಿಸಿ ನೋಡಿ. 2008ರಲ್ಲಿ ಮುಂಬೈ ಕಡೆಯ ದಂಪತಿಯೊಬ್ಬರು, ಮಗುವಿನ ಹೃದಯದ ತೊಂದರೆ ಗರ್ಭಪಾತಕ್ಕೆ ಅಂದಿದ್ದ 20 ವಾರದ ಮಿತಿ ದಾಟಿದ ಮೇಲೆ ಗೊತ್ತಾಗಿ, ಬಾಂಬೆ ಹೈಕೋರ್ಟಿಗೆ ಹೋದರು, ಅನುಮತಿ ಸಿಗಲಿಲ್ಲ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ನಂತರ, ಮಗುವಿಗೆ ಗಂಭೀರ ತೊಂದರೆ ಇದೆಯೆಂದು ವೈದ್ಯಕೀಯ ಮಂಡಳಿ ಕಂಡುಕೊಂಡರೆ 24 ವಾರದ ಮಿತಿ ಅನ್ವಯಿಸುವುದಿಲ್ಲ. ಹಾಗೆಂದು ಎಲ್ಲರೂ ಪರೀಕ್ಷೆ ಮಾಡಿಸುವುದು ಗರ್ಭ ತೆಗೆಸಲಿಕ್ಕಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುತ್ತದೆ. ಮೊದಲೇ ಗೊತ್ತಿದ್ದರೆ ಮಕ್ಕಳ ಹೃದಯತಜ್ಞರಿರುವ ಆಸ್ಪತ್ರೆಯಲ್ಲಿ ಹೆರಿಗೆ ಇಟ್ಟುಕೊಳ್ಳಬಹುದು. ಮಗುವನ್ನು ಬರಮಾಡಿಕೊಳ್ಳಲು ಸಿದ್ಧವಾಗುವವರೂ ಇದೇ ಸಾಲಿನಲ್ಲಿ ಕಾಯುತ್ತಿರುತ್ತಾರೆ. ಎರಡೂ ಬಗೆಯವರಿಗೆ ಒಂದೇ ಮರ್ಯಾದೆ ಸಲ್ಲಬೇಕು.

ಕಾಯುವವಳ ತಲೆಯಲ್ಲಿ ಸುತ್ತುವ ಇನ್ನೊಂದು ಪ್ರಶ್ನೆಗೆ ನೇರ ಉತ್ತರ ಕೊಡಬೇಕು: ನಾನೇನು ತಪ್ಪು ಮಾಡಿದೆ? ಪರಂಗಿ ಹಣ್ಣು ತಿಂದದ್ದಕ್ಕೆ, ಗ್ರಹಣದ ದಿನ ಹೊರಗೆ ಬಂದದ್ದಕ್ಕೆ, ಲೋಕಲ್‌ನಲ್ಲಿ ನೂಕುನುಗ್ಗಲಲ್ಲಿ ಹೋದದ್ದಕ್ಕೆ, ಈಗ ಇಷ್ಟು ಚಿಂತೆ ಮಾಡುತ್ತಿರುವುದಕ್ಕೆ ಕ್ರೋಮೋಸೋಮ್ ಎಣಿಕೆ ಬದಲಾಗುವುದಿಲ್ಲ. ಗರ್ಭ ನಿಂತ ದಿನವೇ ಅದು ತೀರ್ಮಾನವಾಗಿರುತ್ತದೆ, ಬಹುಪಾಲು ಅಂಡಾಣು ತಯಾರಾಗುವಾಗಿನ ಹಂಚಿಕೆಯಲ್ಲೇ. ಡೌನ್ ಸಿಂಡ್ರೋಮ್‌ನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ವಂಶದಿಂದ ಬಂದದ್ದಲ್ಲ. ಅತ್ತೆ ಮನೆಯಲ್ಲಿ "ನಮ್ಮ ಕಡೆ ಯಾರಿಗೂ ಇರಲಿಲ್ಲ" ಎಂಬ ಮಾತು ಬಂದರೆ ಉತ್ತರ ಕೊಡಬೇಕಾದವನು ಗಂಡ.

ಕಾಯುವ ದಿನಗಳಿಗೆ ಕೆಲವು ಉಪಾಯ. ರಿಪೋರ್ಟನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಒಬ್ಬರನ್ನು ಆರಿಸಿ, ಅಕ್ಕನೋ ಗಂಡನೋ, ಊರಿಂದ ಬರುವ "ರಿಪೋರ್ಟ್ ಬಂತಾ?" ಫೋನುಗಳನ್ನೆಲ್ಲ ಅವರೇ ತೆಗೆಯಲಿ. ಹುಡುಕಾಟಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಗೊತ್ತು ಮಾಡಿ, ಸಂಜೆ ಐದಕ್ಕೆ ಎಂದಿಟ್ಟುಕೊಳ್ಳಿ. ಉಳಿದ ಹೊತ್ತಿನಲ್ಲಿ ಬರುವ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಡಿ, ಅದೇ ಚೀಟಿ ಡಾಕ್ಟರ ಹತ್ತಿರ ಕೆಲಸಕ್ಕೆ ಬರುತ್ತದೆ. ರಾತ್ರಿ ಮಲಗುವ ಕೋಣೆಗೆ ಫೋನ್ ಬೇಡ. ಎದೆ ಬಡಿತ ಏರಿ ಬೆರಳು ಜುಮ್ಮೆಂದರೆ ಅದು ಜೋರು ಉಸಿರಾಟದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾದ್ದರಿಂದ ಇರಬಹುದು. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಐದು ನಿಮಿಷ. ಉಸಿರು ಬಿಡುವುದು ಎಳೆಯುವುದಕ್ಕಿಂತ ಉದ್ದವಿರಬೇಕು ಎಂಬುದಷ್ಟೇ ನೆನಪಿರಲಿ. ಅದಕ್ಕೂ ತಗ್ಗದಿದ್ದರೆ, ಎದೆನೋವೋ ತಲೆಸುತ್ತೋ ಜೊತೆಗಿದ್ದರೆ, ಆತಂಕವೆಂದು ಬಿಡದೆ ಡಾಕ್ಟರಿಗೆ ತೋರಿಸಿ. ಕುಬಸದ ದಿನ, ಸೀಮಂತದ ಹಾಲ್ ಬುಕಿಂಗ್ ಮುಂತಾದವನ್ನು ಉತ್ತರ ಬರುವ ತನಕ ಮುಂದೂಡಬೇಕೆನಿಸಿದರೆ ಮುಂದೂಡಿ. ಮಗುವಿನ ಜೊತೆ ಮಾತಾಡಲೂ ಹೆದರುವ, ಹೊಟ್ಟೆ ಮುಟ್ಟಿಕೊಳ್ಳಲೂ ಹಿಂಜರಿಯುವ ದಿನಗಳಿವು. ಅದು ಅಕ್ಕರೆ ಇಲ್ಲದ್ದರಿಂದಲ್ಲ. ಅದನ್ನು ನೋಡಿ ಯಾರೂ ತಾಯಿಯನ್ನು ಅಳೆಯಬಾರದು.

ಮನೆಯ ಡಬ್ಬಿಯಲ್ಲಿ ಉಳಿದ ನಿದ್ದೆ ಮಾತ್ರೆ ನುಂಗಬೇಡಿ. ಮನಸ್ಸಿನ ಕಾಯಿಲೆಗೆ ಮೊದಲಿನಿಂದ ಮಾತ್ರೆ ತೆಗೆದುಕೊಳ್ಳುತ್ತಿರುವವರು ಬಸುರಿಯೆಂದು ತಾವಾಗಿ ನಿಲ್ಲಿಸಲೂ ಬೇಡಿ. ಊಟ ಸೇರದೆ, ನಿದ್ದೆ ಬಾರದೆ ಎರಡು ವಾರ ಎಳೆದರೆ ಅದು ಬರೀ ಕಾಯುವ ಚಿಂತೆಯಾಗಿ ಉಳಿದಿಲ್ಲ. ಬಸುರಿ, ಬಾಣಂತಿಯರ ಖಿನ್ನತೆ ಗುರುತಿಸುವ ಎಡಿನ್‌ಬರೋ ಮಾಪಕ ಎಂಬ ಹತ್ತು ಪ್ರಶ್ನೆಗಳ ಪಟ್ಟಿ 1987ರಿಂದ ಬಳಕೆಯಲ್ಲಿದೆ, ಕನ್ನಡದಲ್ಲೂ ಇದೆ; ಕಳೆದ ಏಳು ದಿನಗಳ ಬಗ್ಗೆ ಕೇಳುತ್ತದೆ. ಅದರ ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅಂಥ ಯೋಚನೆ ಒಮ್ಮೆ ಬಂದಿದ್ದರೂ ನಾಳೆಗೆ ಬಿಡಬಾರದು. 14416 ಟೆಲಿ-ಮಾನಸ್, 2022ರಿಂದ ಇರುವ ಸರ್ಕಾರಿ ಸಹಾಯವಾಣಿ, ಹಣ ಕೊಡಬೇಕಿಲ್ಲ. ಮುಂಬೈಯಿಂದ ಫೋನ್ ಮಾಡಿದರೂ ಕನ್ನಡದಲ್ಲಿ ಮಾತಾಡಬೇಕು ಎಂದು ಕೇಳಿ.

ರಿಪೋರ್ಟ್ ಬಂದ ಗಳಿಗೆಯಲ್ಲಿ ಅದನ್ನು ಟ್ರೇನಿನಲ್ಲಿ ತೆರೆಯಬೇಡಿ. ಮನೆಗೆ ಬನ್ನಿ, ನೀರು ಕುಡಿಯಿರಿ, ಪಕ್ಕದಲ್ಲಿ ಒಬ್ಬರಿರಲಿ. ಕಂಬದ ಚಿತ್ರ ನೋಡುವ ಮೊದಲು ಮೇಲಿನ ಸಾಲುಗಳನ್ನು ಓದಿ: ಹೆಸರು, ಹುಟ್ಟಿದ ದಿನ, ತೂಕ, ಸ್ಕ್ಯಾನಿನ ತಾರೀಕು, ಸಿಆರ್‌ಎಲ್. ಇವುಗಳಲ್ಲಿ ಒಂದು ತಪ್ಪಿದ್ದರೂ ಕೆಳಗಿನ ಅಂಕಿಗೆ ಅರ್ಥವಿಲ್ಲ, ಲ್ಯಾಬಿಗೆ ಫೋನ್ ಮಾಡಿ ಲೆಕ್ಕ ಮತ್ತೆ ಹಾಕಿಸಿ. ಬಹುತೇಕ ಸಲ ರಕ್ತ ಮತ್ತೆ ಕೊಡಬೇಕಾಗಿಲ್ಲ. ಎಲ್ಲ ಸರಿಯಿದ್ದು ಕಡಿಮೆ ಅಪಾಯ ಎಂದು ಬಂದರೂ ಎದೆ ತಕ್ಷಣ ಹಗುರಾಗದೆ ಇರಬಹುದು, ಎರಡು ಮೂರು ದಿನ ಹಿಡಿಯುತ್ತದೆ. ಪ್ಯಾಪ್-ಎ ಮಾತ್ರ ತೀರಾ ಕಡಿಮೆ ಇದ್ದರೆ ಮಗುವಿನ ಬೆಳವಣಿಗೆ, ನಿಮ್ಮ ಬಿಪಿ ಬಗ್ಗೆ ಡಾಕ್ಟರನ್ನು ಕೇಳಿ. ಆಮೇಲೆ ಆ ಕಾಗದವನ್ನೂ ಎನ್‌ಟಿ ಸ್ಕ್ಯಾನಿನ ಎರಡೂ ಪುಟಗಳನ್ನೂ ಒಂದೇ ಫೈಲಿಗೆ ಹಾಕಿಡಿ. ಮಗುವಿನ ಅಂಗಾಂಗ ನೋಡುವ ಹತ್ತೊಂಬತ್ತನೇ ವಾರದ ಅನಾಮಲಿ ಸ್ಕ್ಯಾನಿಗೆ ಹೋದಾಗ ಕೌಂಟರಿನಲ್ಲಿ ಮೊದಲು ಕೇಳುವುದು ಅದನ್ನೇ.